🐟 *ಗಾಳಕ್ಕೆ ಬಿದ್ದ ಮೀನಿನ ಹೆಸರು ಗೊತ್ತಿಲ್ಲವೇ? ಒಲೆಗೆ ಇಡುವ ಮೊದಲು ಇದನ್ನು ಓದಿ*

ರಜೆ ಬಂತೆಂದರೆ ಥಾಣೆ, ವಸಈ ಖಾಡಿಯ ದಡದಲ್ಲಿ, ಚೆನ್ನೈನ ಎಣ್ಣೂರು, ಮುಟ್ಟುಕಾಡಿನ ಹಿನ್ನೀರಿನಲ್ಲಿ ಗಾಳ ಹಾಕಿ ಕೂರುವ ಕನ್ನಡಿಗರಿದ್ದಾರೆ. ಊರಿಗೆ ಹೋದಾಗ ಗಂಗೊಳ್ಳಿ, ಕಾರವಾರದ ಅಳಿವೆಗೆ ಮಕ್ಕಳನ್ನು ಕರೆದುಕೊಂಡು ಹೋಗುವವರೂ ಇದ್ದಾರೆ. ಅಳಿವೆಯಲ್ಲಿ ಸಿಹಿನೀರು, ಉಪ್ಪುನೀರು ಎರಡೂ ಬೆರೆಯುವುದರಿಂದ ಹೊಳೆ ಮೀನೂ ಸಿಗುತ್ತದೆ, ಕಡಲ ಮೀನೂ ಸಿಗುತ್ತದೆ. ಹಾಗಾಗಿ ಒಮ್ಮೊಮ್ಮೆ ಎಂದೂ ಕಾಣದ ಮೀನು ಮೇಲೆ ಬರುತ್ತದೆ.

ಪರವೂರಿನಲ್ಲಿ ಇನ್ನೊಂದು ತೊಡಕು ಹೆಸರಿನದು. ನಮ್ಮ ಭೂತಾಯಿ ಮುಂಬೈಯಲ್ಲಿ ತಾರ್ಲಿ, ಚೆನ್ನೈಯಲ್ಲಿ ಮತ್ತಿ. ನಮ್ಮ ಕಾಣೆ ಅಲ್ಲಿ ಕಿಳಂಗಾನ್. ಪಕ್ಕದವರು ಹೇಳಿದ ಹೆಸರು ಅರ್ಥವಾಗದೆ, "ಮೀನು ತಾನೇ, ಚೆನ್ನಾಗಿ ಬೇಯಿಸಿದರೆ ಆಯಿತು" ಎಂದುಕೊಳ್ಳುವುದು ಸುಲಭ. ಆದರೆ ಬೇಯಿಸಿದರೂ ವಿಷ ಹೋಗದ ಮೀನು ಒಂದಿದೆ.

⚠️ *ಅದು ಪಫರ್ ಮೀನು*

ಮರಾಠಿಯಲ್ಲಿ ಕೇಂಡ, ತಮಿಳಿನಲ್ಲಿ ಪೇತ್ತೈ, ಬಂಗಾಳಿಯಲ್ಲಿ ಪೊಟ್ಕಾ ಎನ್ನುತ್ತಾರೆ. ದಡದಲ್ಲಿ ಯಾರಾದರೂ ಈ ಹೆಸರು ಹೇಳಿದರೆ ಮೀನನ್ನು ಮನೆಗೆ ತರಬೇಡಿ. ಇದರಲ್ಲಿ ಟೆಟ್ರೊಡೊಟಾಕ್ಸಿನ್ ಎಂಬ ವಿಷ ಇರಬಹುದು. ಪಿತ್ತಜನಕಾಂಗ, ಮೊಟ್ಟೆ, ಕರುಳು, ಚರ್ಮದಲ್ಲಿ ಹೆಚ್ಚು. ಕೆಲವು ಜಾತಿಗಳಲ್ಲಿ ಮಾಂಸದಲ್ಲೂ ಇರುತ್ತದೆ. ಕುದಿಸಿದರೂ, ಹುರಿದರೂ, ಉಪ್ಪು ಹಾಕಿ ಒಣಗಿಸಿದರೂ, ಫ್ರಿಜ್‌ನಲ್ಲಿಟ್ಟರೂ ಇದು ನಾಶವಾಗುವುದಿಲ್ಲ. ರುಚಿ, ವಾಸನೆಯಿಂದಲೂ ಗೊತ್ತಾಗುವುದಿಲ್ಲ. 2008ರಲ್ಲಿ ಬಾಂಗ್ಲಾದೇಶದಲ್ಲಿ ಪೊಟ್ಕಾ ತಿಂದು 141 ಮಂದಿ ಆಸ್ಪತ್ರೆ ಸೇರಿದರು. ಅವರಲ್ಲಿ 17 ಮಂದಿ ಬದುಕಲಿಲ್ಲ.

🔍 *ಗುರುತಿಸುವುದು ಹೇಗೆ?*

1️⃣ *ಬಾಯಿ:* ಸಾಲು ಹಲ್ಲುಗಳಿಲ್ಲ. ಮೇಲೆ ಎರಡು, ಕೆಳಗೆ ಎರಡು ಹಲ್ಲಿನ ಫಲಕಗಳು ಸೇರಿ ಗಿಳಿಯ ಕೊಕ್ಕಿನಂತೆ ಕಾಣುತ್ತವೆ. ಬೆರಳು ಹತ್ತಿರ ಒಯ್ಯಬೇಡಿ, ಬಲವಾಗಿ ಕಚ್ಚುತ್ತದೆ.

2️⃣ *ಚರ್ಮ:* ಸಾಮಾನ್ಯ ಮೀನಿನಂತೆ ಪೊರೆ (ಹುರುಪೆ) ಇಲ್ಲ. ನುಣ್ಣಗಿರಬಹುದು, ಇಲ್ಲವೇ ಸಣ್ಣ ಮುಳ್ಳುಗಳಿಂದ ಉಪ್ಪುಕಾಗದದಂತೆ ಒರಟಾಗಿರಬಹುದು.

3️⃣ *ರೆಕ್ಕೆ:* ಹೊಟ್ಟೆಯ ಅಡಿಯಲ್ಲಿ ಜೋಡಿ ರೆಕ್ಕೆ ಇಲ್ಲ. ಬೆನ್ನಿನ ಮೇಲೆ ಒಂದೇ ಸಣ್ಣ ರೆಕ್ಕೆ, ಅದೂ ಬಾಲದ ಹತ್ತಿರ.

4️⃣ *ಹೊಟ್ಟೆ:* ಹೆದರಿದಾಗ ನೀರು ಅಥವಾ ಗಾಳಿ ತುಂಬಿಕೊಂಡು ಚೆಂಡಿನಂತೆ ಉಬ್ಬುತ್ತದೆ. ಆದರೆ ಸತ್ತ ಮೀನು ಉಬ್ಬುವುದಿಲ್ಲ. ಹಾಗಾಗಿ ಉಬ್ಬಲಿಲ್ಲ ಎಂದು ಧೈರ್ಯ ಮಾಡಬೇಡಿ, ಬಾಯಿ ನೋಡಿ.

ತಲೆ ತೆಗೆದು ಚರ್ಮ ಸುಲಿದರೆ ಈ ಗುರುತುಗಳೆಲ್ಲ ಹೋಗುತ್ತವೆ. ಆದ್ದರಿಂದ ಯಾರಾದರೂ ಹಾಗೆ ಕೊಟ್ಟ ಗುರುತಿಲ್ಲದ ಮೀನನ್ನು ತೆಗೆದುಕೊಳ್ಳಬೇಡಿ. ಇನ್ನೊಂದು ಮಾತು: ಈ ನಾಲ್ಕು ಗುರುತು ಇಲ್ಲದ ಮಾತ್ರಕ್ಕೆ ಆ ಮೀನು ತಿನ್ನಲು ಯೋಗ್ಯ ಎಂದಲ್ಲ. ಫೋಟೋ ತೆಗೆದು ಸ್ಥಳೀಯ ಮೀನುಗಾರರಿಗೆ ತೋರಿಸಿ. ಅವರಿಗೂ ಗೊತ್ತಿಲ್ಲದಿದ್ದರೆ ನೀರಿಗೇ ಬಿಟ್ಟುಬಿಡಿ. ದಡದಲ್ಲಿ ಎಸೆದರೆ ನಾಯಿ, ಬೆಕ್ಕು ತಿಂದು ಸಾಯಬಹುದು.

🚨 *ತಿಂದುಬಿಟ್ಟಿದ್ದರೆ?*

ಸಾಮಾನ್ಯವಾಗಿ 10ರಿಂದ 45 ನಿಮಿಷದಲ್ಲಿ, ಕೆಲವೊಮ್ಮೆ ಕೆಲವು ಗಂಟೆಗಳ ನಂತರ ತುಟಿ, ನಾಲಿಗೆ ಜುಮ್ಮೆನ್ನುತ್ತವೆ. ಆಮೇಲೆ ಮುಖ, ಕೈಕಾಲು ಮರಗಟ್ಟುವುದು, ವಾಂತಿ, ತಲೆಸುತ್ತು, ಮಾತು ತೊದಲುವುದು, ಕೊನೆಗೆ ಉಸಿರಾಟದ ಸ್ನಾಯುಗಳೇ ಸೋಲುವುದು.

✅ ತುಟಿ ಜುಮ್ಮೆಂದ ಕೂಡಲೇ 108 ಅಥವಾ 112ಕ್ಕೆ ಕರೆ ಮಾಡಿ. ವೆಂಟಿಲೇಟರ್ ಇರುವ ಆಸ್ಪತ್ರೆಗೇ ಹೋಗಿ. ಉಳಿದ ಮೀನು ಅಥವಾ ಅದರ ಫೋಟೋ ಜೊತೆಗಿರಲಿ.
✅ ಅದೇ ಊಟ ಮಾಡಿದ ಎಲ್ಲರನ್ನೂ ಕರೆದುಕೊಂಡು ಹೋಗಿ, ಲಕ್ಷಣ ಇಲ್ಲದಿದ್ದರೂ ಸರಿ.
✅ ದಾರಿಯಲ್ಲಿ ಒಂದು ಮಗ್ಗುಲಿಗೆ ಮಲಗಿಸಿ. ಉಸಿರು ನಿಂತರೆ ಬಾಯಿಗೆ ಬಾಯಿಟ್ಟು ಉಸಿರು ಕೊಡಿ.
❌ ಮಜ್ಜಿಗೆ, ಹುಣಸೆ ರಸ, ನಿಂಬೆ ರಸ ಕುಡಿಸಬೇಡಿ. ವಾಂತಿ ಮಾಡಿಸಬೇಡಿ. ಗಂಟಲು ಸೋತಿದ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಆದರೆ ಸಮಯಕ್ಕೆ ಸರಿಯಾಗಿ ಉಸಿರಾಟಕ್ಕೆ ಆಸರೆ ಸಿಕ್ಕಿ ಮೊದಲ 24 ಗಂಟೆ ದಾಟಿದವರು ಹೆಚ್ಚಾಗಿ ಪೂರ್ತಿ ಗುಣವಾಗುತ್ತಾರೆ. ರೋಗಿ ಅಲುಗಾಡದೆ ಮಲಗಿದ್ದರೂ ಹಲವು ಬಾರಿ ಪ್ರಜ್ಞೆ ಇರುತ್ತದೆ, ನಮ್ಮ ಮಾತು ಕೇಳಿಸುತ್ತಿರುತ್ತದೆ. ಅವರ ಮುಂದೆ "ಮುಗಿಯಿತು" ಎನ್ನಬೇಡಿ, ಧೈರ್ಯ ಹೇಳಿ.

🩹 *ಮುಳ್ಳು ಚುಚ್ಚಿದರೆ:* ತೊರಕೆ, ಶಿಂಗಾಳದಂಥ ಮೀನುಗಳ ಮುಳ್ಳಿನಲ್ಲಿ ಬೇರೆ ಬಗೆಯ ವಿಷವಿದೆ. ಅದು ಬಿಸಿಗೆ ಸೋಲುತ್ತದೆ. ಗಾಯ ತೊಳೆದು, ತಡೆಯುವಷ್ಟು ಬಿಸಿ ನೀರಿನಲ್ಲಿ (45 ಡಿಗ್ರಿ ಮೀರದಂತೆ) 30ರಿಂದ 90 ನಿಮಿಷ ಅದ್ದಿಡಿ. ನೀರಿನ ಬಿಸಿಯನ್ನು ಗಾಯವಿಲ್ಲದ ಕೈಯಿಂದ ನೋಡಿ. ನಂತರ ವೈದ್ಯರಿಗೆ ತೋರಿಸಿ, ಟಿಟಿ ಇಂಜೆಕ್ಷನ್ ಬಗ್ಗೆ ಕೇಳಿ. ಎದೆ, ಹೊಟ್ಟೆ, ಕುತ್ತಿಗೆಗೆ ಚುಚ್ಚಿದ್ದರೆ ಮುಳ್ಳು ಕೀಳದೆ ನೇರ ಆಸ್ಪತ್ರೆಗೆ ಹೋಗಿ.

👉 ನೆನಪಿರಲಿ: *ಹೆಸರು ಗೊತ್ತಿಲ್ಲದ ಮೀನು ಸಾರಿಗೆ ಬೇಡ.* ಗಾಳ ಹಾಕುವ ಹವ್ಯಾಸ ಇರುವ ನಿಮ್ಮ ಬಂಧು ಮಿತ್ರರಿಗೆ, ಊರಿನ ಗ್ರೂಪಿಗೆ ತಪ್ಪದೆ ಕಳುಹಿಸಿ. 🙏