ಮಕ್ಕಳ ಕೈಗೆ ಬರುವ ಕೋಳಿ

“ಅಣ್ಣ, ಮಕ್ಕಳು ಕೋಳಿ ಸಾಕೋಣ ಅಂತ ಹಟ ಹಿಡಿದಿದ್ದಾರೆ. ಯಾವ ತಳಿ ತರಲಿ?” ಶಿಕಾಗೊ ಪಕ್ಕದ ಶಾಮ್‌ಬರ್ಗ್‌ನಿಂದ ತಂಗಿಯ ಫೋನ್. ಕುಂದಾಪುರದಲ್ಲಿರುವ ಹೆಂಡತಿ ಹೋದ ವರ್ಷ ಇದನ್ನೇ ಕೇಳಿದ್ದಳು. ಮಸ್ಕತ್‌ನಲ್ಲಿ ಕೂತು “ಗಟ್ಟಿಮುಟ್ಟಾದದ್ದು ತಗೋ” ಅಂದುಬಿಟ್ಟೆ. ಬಂದದ್ದು ಅಂಕದ ಜಾತಿಯ ಹುಂಜ. ಎರಡನೇ ವಾರಕ್ಕೇ ಮಗಳ ಕಾಲಿಗೆ ಕುಕ್ಕಿತು. ಹುಂಜವನ್ನು ಕೊಟ್ಟುಬಿಟ್ಟೆವು; ಅವಳು ಇವತ್ತಿಗೂ ಹಿತ್ತಲಿಗೆ ಒಬ್ಬಳೇ ಹೋಗುವುದಿಲ್ಲ.

ಹಾಗಾಗಿ ತಂಗಿಗೆ ಹೇಳಿದೆ: ಮೊದಲು ನಿಮ್ಮ ಪುರಸಭೆಯಲ್ಲಿ ಕೇಳು, ಅಲ್ಲಿ ಕೋಳಿಯ ನಿಯಮ ಊರಿಂದೂರಿಗೆ ಬೇರೆ. ಅನುಮತಿ ಇದ್ದರೆ ಬಫ್ ಆರ್ಪಿಂಗ್‌ಟನ್ ಅಥವಾ ಬ್ರಹ್ಮ. ಎರಡೂ ಭಾರೀ ಮೈಯ ಸಾಧು ಕೋಳಿಗಳು. ಬ್ರಹ್ಮದ ಜುಟ್ಟು ಚಿಕ್ಕದು, ಅಲ್ಲಿಯ ಹಿಮಕ್ಕೆ ಮರಗಟ್ಟುವುದು ಕಡಿಮೆ. ಹೆಸರು ನಮ್ಮ ಬ್ರಹ್ಮಪುತ್ರದ್ದು, ತಳಿ ರೂಪುಗೊಂಡದ್ದು ಮಾತ್ರ ಅಮೆರಿಕದಲ್ಲಿ, ಶಾಂಘೈನಿಂದ ಹೋದ ಕೋಳಿಗಳಿಂದ! ಬಿಳಿ ಲೆಗಾರ್ನ್ ಮೊಟ್ಟೆಗೆ ಮುಂದು. ಆದರೆ ಮಕ್ಕಳು ಹತ್ತಿರ ಹೋದರೆ ಹಾರಿ ಓಡುತ್ತದೆ.

ಊರಿಗಾದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಬೆಳೆಸಿದ ಗಿರಿರಾಜ, ಸ್ವರ್ಣಧಾರ. ಗಿರಿರಾಜ ವರ್ಷಕ್ಕೆ 130–150 ಮೊಟ್ಟೆ ಇಡುತ್ತದೆ, ಸ್ವರ್ಣಧಾರ 180ರ ಆಸುಪಾಸು. ಗಿರಿರಾಜಕ್ಕೆ ಮೈಭಾರ ಹೆಚ್ಚು. ಸ್ವರ್ಣಧಾರ ಹಗುರ, ನರಿ, ಕಾಡುಬೆಕ್ಕು ಬಂದರೆ ತಪ್ಪಿಸಿಕೊಳ್ಳುತ್ತದೆ. ತಿನ್ನುವ ಮೊಟ್ಟೆಗೆ ಹುಂಜ ಬೇಕಿಲ್ಲ, ನಾಲ್ಕು ಹೇಂಟೆ ಸಾಕು. ತೀರಾ ಎಳೆಯ ಮರಿಯಲ್ಲಿ ಹೇಂಟೆ ಯಾವುದು ಗೊತ್ತಾಗದು. ಎರಡು ತಿಂಗಳಿನದು ಕೊಳ್ಳಿ, ಕೊಕ್ಕರೆ ರೋಗದ ಲಸಿಕೆ ಆಗಿದೆಯಾ ಕೇಳಿ. ಕೋಳಿ ಮುಟ್ಟಿದ ಮಕ್ಕಳು ಸೋಪಿನಲ್ಲಿ ಕೈ ತೊಳೆಯಲೇಬೇಕು.

ಈ ರಜೆಗೆ ನಾಲ್ಕು ಸ್ವರ್ಣಧಾರ ತರುವುದೆಂದು ಮಗಳೊಂದಿಗೆ ಮಾತಾಗಿದೆ. ಬುಟ್ಟಿ ಹಿಡಿಯುತ್ತಾಳಂತೆ, ಗೂಡಿನ ಬಾಗಿಲು ಮಾತ್ರ ಅಪ್ಪನೇ ತೆಗೆಯಬೇಕಂತೆ.