ತೊಟ್ಟಿಯ ಮನೆಯೂ ವಸ್ತುಸಂಗ್ರಹಾಲಯವೂ

ವಸ್ತುಸಂಗ್ರಹಾಲಯವೆಂದೊಡನೆ ಅರಸರ ಖಡ್ಗ, ನಾಣ್ಯ, ತಾಮ್ರಪಟಗಳು ನೆನಪಿಗೆ ಬರುವುದು ವಾಡಿಕೆ. ಆದರೆ ಜನಸಾಮಾನ್ಯರು ಬಾಳಿದ ಮನೆ, ನಡೆದಾಡಿದ ಓಣಿ, ರಾಗಿ ಬೀಸಿದ ಕಲ್ಲು ಇವೂ ಇತಿಹಾಸದ ಸಾಮಗ್ರಿಗಳೇ. ಚೀನಾ ದೇಶದ ಬೀಜಿಂಗ್ ನಗರದಲ್ಲಿ 2013ರಲ್ಲಿ ತೆರೆದ ಶಿಜಿಯಾ ಹುಟಾಂಗ್ ವಸ್ತುಸಂಗ್ರಹಾಲಯವು ಓಣಿಯೊಂದರ ಬದುಕಿಗೇ ಮೀಸಲಾಗಿದೆ. ‘ಹುಟಾಂಗ್’ ಎಂದರೆ ಓಣಿ. ಲೇಖಕಿ ಲಿಂಗ್ ಶುಹುವಾ ಅವರು ಬಾಳಿದ, ನಡುವೆ ಅಂಗಳವುಳ್ಳ ಹಳೆಯ ಮನೆಯಲ್ಲಿ ಅದು ನೆಲೆಗೊಂಡಿದೆ. ಗೃಹೋಪಯೋಗಿ ವಸ್ತುಗಳ ಜೊತೆಗೆ, ಓಣಿಯಲ್ಲಿ ಕೂಗುತ್ತ ಬರುತ್ತಿದ್ದ ಮಾರಾಟಗಾರರ ದನಿಗಳನ್ನೂ ಅಲ್ಲಿ ಕೇಳಬಹುದು.

ಈ ವಿನ್ಯಾಸ ಕನ್ನಡಿಗರಿಗೆ ಹೊಸದಲ್ಲ. ತೊಟ್ಟಿಯ ಮನೆಯೂ ಬಯಲನ್ನು ಒಳಗಿಟ್ಟುಕೊಂಡೇ ಕಟ್ಟಿದುದು. ನಾಲ್ಕು ಕಡೆಯ ಸೂರುಗಳು ಒಳಮುಖವಾಗಿ ಇಳಿದು ಮಳೆನೀರನ್ನು ತೊಟ್ಟಿಗೆ ಸುರಿಸುವುವು. ಅಲ್ಲಿಂದ ಅದು ತೂಬಿನ ಮೂಲಕ ಹೊರಹರಿಯುವುದು. ಹೊರಗೋಡೆಗೆ ಕಿಟಕಿಗಳು ವಿರಳವಾಗಿದ್ದ ಕಾಲದಲ್ಲಿ ಬೆಳಕೂ ಗಾಳಿಯೂ ಬರುತ್ತಿದ್ದುದು ಈ ತೆರವಿನಿಂದ. ಕಾದ ಗಾಳಿ ಮೇಲೇರಿ ಹೋಗುವುದರಿಂದ, ದಪ್ಪ ಮಣ್ಣುಗೋಡೆಯ ಪಡಸಾಲೆ ಬೇಸಗೆಯಲ್ಲಿಯೂ ತಂಪು. ಬೀದಿಯ ಜಗಲಿ ದಾರಿಹೋಕರಿಗೆ, ಒಳತೊಟ್ಟಿ ಮನೆಯವರಿಗೆ. ಮನೆಯ ವಿಸ್ತಾರವನ್ನು ಅಡಿಗಳಲ್ಲಿ ಹೇಳದೆ, ಕಂಬ ಕಂಬಗಳ ನಡುವಣ ‘ಅಂಕಣ’ಗಳಲ್ಲಿ ಎಣಿಸುತ್ತಿದ್ದರು.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಮನೆಗೆ ಅಟ್ಟವೆಂಬ ಇನ್ನೊಂದು ಅಂಗವುಂಟು. ಬಲಿತ ತೆಂಗಿನಕಾಯಿಯನ್ನು ಸುಲಿಯದೆ ಅಟ್ಟದ ನೆರಳಿನಲ್ಲಿ ಸುಮಾರು 8ರಿಂದ 12 ತಿಂಗಳು ಬಿಟ್ಟರೆ, ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆ ಕೊಬ್ಬರಿಯಾಗುವುದು. ಅಲುಗಿಸಿದಾಗ ಒಳಗಿನ ಗಿಟುಕು ಸದ್ದು ಮಾಡುವುದೇ ಹದದ ಗುರುತು. ಹೀಗೆ ಈ ಸೀಮೆಯಲ್ಲಿ ವಾಸದ ಮನೆಯೇ ಕಾಯಕದ ಮನೆಯೂ ಆಗಿತ್ತು.

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ ಒಂಬತ್ತನೆಯ ಶತಮಾನದ ಕಲ್ಲೇಶ್ವರ ದೇವಾಲಯವಿದೆ. ಅದರ ಭುವನೇಶ್ವರಿಯಲ್ಲಿ ನರ್ತಿಸುವ ಶಿವನು ನಡುವೆ, ಅಷ್ಟದಿಕ್ಪಾಲಕರು ಸುತ್ತ. ಸಾವಿರ ವರ್ಷ ದಾಟಿದ ಆ ಶಿಲ್ಪವನ್ನು ನೋಡಲು ದೂರದೂರದಿಂದ ವಿದ್ವಾಂಸರು ಬರುತ್ತಾರೆ. ಆದರೆ ಅದನ್ನು ಕಟ್ಟಿದ ಕಾಲದ ಒಕ್ಕಲಿನ ಮನೆ ಹೇಗಿತ್ತೆಂದು ತೋರಿಸಲು ಒಂದು ಗೋಡೆಯೂ ಉಳಿದಿಲ್ಲ. ಕಲ್ಲು ನಿಂತಿತು, ಮಣ್ಣು ಮಣ್ಣಿಗೆ ಸೇರಿತು. ಇಂದು ಹೆಂಚಿನ ಮನೆಗಳು ಅಳಿದು ತಾರಸಿಯ ಮನೆಗಳು ಏಳುತ್ತಿರುವಾಗ ಅದೇ ಕಥೆ ಮರುಕಳಿಸುತ್ತಿದೆ. ಇದಕ್ಕೆ ಯಾರನ್ನೂ ದೂರುವಂತಿಲ್ಲ. ಸೋರುವ ಸೂರಿನ ಕೆಳಗೆ, ಹೊಗೆ ತುಂಬಿದ ಅಡುಗೆಮನೆಯಲ್ಲಿ ಬದುಕಿದವರು ಸುಖದ ಮನೆಯನ್ನು ಬಯಸುವುದು ನ್ಯಾಯವೇ ಆಗಿದೆ.

ಹಾಗಾದರೆ ಉಳಿಸಬೇಕಾದುದೇನು? ಎಚ್. ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕದಲ್ಲಿ ಗ್ರಾಮೀಣ ಬದುಕಿನ ಪರಿಕರಗಳು ಸಂಗ್ರಹಗೊಂಡಿವೆ. ಚೆನ್ನೈ ಸಮೀಪದಲ್ಲಿ 1996ರಲ್ಲಿ ತೆರೆದ ದಕ್ಷಿಣಚಿತ್ರದಲ್ಲಿ ದಕ್ಷಿಣ ಭಾರತದ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಇಂತಹ ಸ್ಥಳಗಳಿಗೆ ಹೋದ ವಿದ್ಯಾರ್ಥಿ ಒನಕೆಯನ್ನು ಕಣ್ಣಾರೆ ಕಾಣಬಲ್ಲನು. ಆದರೆ ಅದರ ಭಾರವನ್ನು ಕೈ ಅರಿಯದು. ವಸ್ತು ಉಳಿದರೂ ಅದರ ಬಳಕೆ, ಬಳಕೆಯ ಮಾತು ಉಳಿಯಬೇಕಾದರೆ ಹೇಳುವವರು ಬೇಕು. ತೊಲೆ, ಬೋದಿಗೆ, ಕಣಜ, ಹಗೇವು, ನೆಲವು ಎಂಬ ಪದಗಳು ನಿಘಂಟಿನಲ್ಲಿವೆ. ಅವುಗಳ ಅರ್ಥವಾದರೋ ಇನ್ನೂ ಹಿರಿಯರ ನಾಲಗೆಯ ಮೇಲಿದೆ. ಓಣಿಯ ದನಿಯನ್ನೂ ಸಂಗ್ರಹಿಸಿದ ಬೀಜಿಂಗಿನವರ ವಿವೇಕ ಇಲ್ಲಿ ಅನುಕರಣೀಯ.

ಇದಕ್ಕೆ ಭವ್ಯ ಕಟ್ಟಡವಾಗಲಿ ಅಪಾರ ಧನವಾಗಲಿ ಮೊದಲು ಬೇಕಿಲ್ಲ. ಶಾಲೆಯ ಒಂದು ಕೊಠಡಿ, ಒಂದು ದಾಖಲೆಯ ಪುಸ್ತಕ ಸಾಕು. ಮನೆ ಬಿಚ್ಚುವ ಮುನ್ನ ವಿದ್ಯಾರ್ಥಿಗಳು ಅದರ ಅಂಕಣಗಳನ್ನೆಣಿಸಿ ನಕ್ಷೆ ಬರೆಯಲಿ. ಬಂದ ಪ್ರತಿಯೊಂದು ವಸ್ತುವಿನ ಹೆಸರು, ಉಪಯೋಗ, ಅದನ್ನು ಬಳಸಿದವರ ಮಾತು ಇವನ್ನು ಗುರುತುಹಾಕಲಿ. ಹಳೆಯ ವಿದ್ಯಾರ್ಥಿಗಳು ಅಟ್ಟದ ಮೂಲೆಯ ಕೊಳಗವನ್ನೋ ಬೀಸುವ ಕಲ್ಲನ್ನೋ ಮಾರದೆ ಶಾಲೆಗೆ ಒಪ್ಪಿಸಲಿ. ಆ ವಸ್ತುಗಳ ಹೆಸರನ್ನು ಹೇಳಬಲ್ಲ ಹಿರಿಯರು ಊರಿನಲ್ಲಿರುವಾಗಲೇ ಈ ಕಾರ್ಯ ಆರಂಭವಾಗತಕ್ಕದ್ದು.