ಸ್ವಂತ ಕೀಲಿಮಣೆಗೆ ತಕ್ಕ ಚಿಪ್ ಯಾವುದು?

ಕೀಲಿಯೊಂದನ್ನು ಒತ್ತಿದೊಡನೆ ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಆ ಅಕ್ಷರವನ್ನು ಕಳುಹಿಸಿದ್ದು ಕೀಲಿಮಣೆಯೆಂದೇ ನಾವು ಭಾವಿಸುತ್ತೇವೆ. ವಾಸ್ತವವಾಗಿ ಕೀಲಿಮಣೆಗೆ ಅಕ್ಷರಜ್ಞಾನವೇ ಇಲ್ಲ. ಅದು ಕಳುಹಿಸುವುದು ಸಂಖ್ಯೆಗಳನ್ನು ಮಾತ್ರ. ಕರ್ನಾಟಕ ಸರ್ಕಾರದ ಅಧಿಕೃತ ವಿನ್ಯಾಸಕ್ಕೆ ಆಧಾರವಾದ, ಕಿನ್ನಿಕಂಬಳದ ಕೆ. ಪಿ. ರಾಯರ ಕೀಲಿವಿನ್ಯಾಸದಲ್ಲಿ ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಕೀಲಿಗಳನ್ನು ಒತ್ತಬೇಕು. ಕಂಪ್ಯೂಟರಿಗೆ ತಲುಪುವುದು 14, 17, 9, 17, 26 ಎಂಬ ಸಂಖ್ಯೆಗಳು. ಅವನ್ನು ಅಕ್ಷರಗಳಾಗಿ ಮಾರ್ಪಡಿಸುವುದು ಕಂಪ್ಯೂಟರಿನೊಳಗಿನ ತಂತ್ರಾಂಶ.

ಸಂಖ್ಯೆಯನ್ನು ಕಳುಹಿಸುವ ಕೆಲಸ ಮೈಕ್ರೋಕಂಟ್ರೋಲರ್ ಎಂಬ ಚಿಪ್‌ನದು. ಅದರಲ್ಲಿ ನೆಲೆಸಿರುವ ಆದೇಶಗಳ ಸಮೂಹವೇ ಫರ್ಮ್‌ವೇರ್. ಕ್ಯೂಎಂಕೆ ಎಂಬುದು ಎಲ್ಲರಿಗೂ ಉಚಿತವಾಗಿ ದೊರೆಯುವ ಅಂಥದೊಂದು ಫರ್ಮ್‌ವೇರ್. ಆದರೆ ಎಲ್ಲ ಚಿಪ್‌ಗಳೂ ಅದಕ್ಕೆ ಒಗ್ಗುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರಗಳಲ್ಲಿದ್ದುಕೊಂಡು ಬಿಡಿಭಾಗಗಳನ್ನು ದೂರದಿಂದ ತರಿಸುವ ವಿದ್ಯಾರ್ಥಿಗೆ ತಪ್ಪು ಆಯ್ಕೆಯಿಂದ ಹಣವೂ ಕಾಲವೂ ವ್ಯರ್ಥ. ಆದುದರಿಂದ ಮೂರು ಪರೀಕ್ಷೆಗಳನ್ನು ಗಮನಿಸೋಣ.

ಮೊದಲನೆಯದು, ಕಂಪ್ಯೂಟರಿನೊಡನೆ ನೇರವಾಗಿ ವ್ಯವಹರಿಸುವ ಯುಎಸ್‌ಬಿ ಅಂಗ. ಕಾಲೇಜುಗಳಲ್ಲಿ ಪರಿಚಿತವಾದ ಆರ್ಡುಯಿನೋ ಯುನೋದ ಮುಖ್ಯ ಚಿಪ್ ಆದ ಎಟಿಮೆಗಾ 328ಪಿಯಲ್ಲಿ ಅದು ಇಲ್ಲ. ಎಟಿಮೆಗಾ 32ಯು4ರಲ್ಲಿ ಉಂಟು. ಇಎಸ್‌ಪಿ32 ಬಲಶಾಲಿಯಾದರೂ ಅದರ ಮೇಲೆ ಕ್ಯೂಎಂಕೆ ನಡೆಯದು.

ಎರಡನೆಯದು, ತಂತಿ ಜೋಡಿಸುವ ಕಾಲುಗಳ ಸಂಖ್ಯೆ. ಕೀಲಿಗೊಂದು ತಂತಿ ಬೇಕೆಂದರೆ 60 ಕೀಲಿಗಳಿಗೆ 60 ಕಾಲುಗಳಾದವು. ಕೀಲಿಗಳನ್ನು 5 ಅಡ್ಡಸಾಲು, 12 ಕಂಬಸಾಲುಗಳ ಜಾಲವಾಗಿ ಹೆಣೆದರೆ 17 ಸಾಕು. ಚಿಪ್ ಒಂದೊಂದೇ ಸಾಲನ್ನು ಸರದಿಯಂತೆ ಪರಿಶೀಲಿಸಿ ಒತ್ತಿದ ಕೀಲಿಯನ್ನು ಪತ್ತೆಮಾಡುತ್ತದೆ. ಹಲವು ಕೀಲಿಗಳನ್ನು ಒಟ್ಟಿಗೆ ಒತ್ತಿದಾಗ ವಿದ್ಯುತ್ತು ಅಡ್ಡದಾರಿ ಹಿಡಿಯದಂತೆ ಪ್ರತಿಯೊಂದು ಕೀಲಿಗೂ ಒಂದು ಡಯೋಡನ್ನು ಜೋಡಿಸಬೇಕು. 32ಯು4 ಇರುವ ಪ್ರೋ ಮೈಕ್ರೋ ಹಲಗೆಯಲ್ಲಿ 18 ಕಾಲುಗಳಿರುವುದರಿಂದ 17 ಅದರಲ್ಲಿ ಅಡಕವಾಗುತ್ತದೆ. 104 ಕೀಲಿಗಳಿಗಾದರೋ 6 ಮತ್ತು 18, ಒಟ್ಟು 24 ಬೇಕು. ಅದಕ್ಕೆ 26 ಕಾಲುಗಳುಳ್ಳ, 2021ರಲ್ಲಿ ಹೊರಬಂದ ಆರ್‌ಪಿ2040 ಚಿಪ್ಪಿನ ಪೀಕೋ ಹಲಗೆ ತಕ್ಕದ್ದು.

ಮೂರನೆಯದು, ನೆನಪಿನ ಕೋಶ. 32ಯು4ರಲ್ಲಿ ಆದೇಶಗಳಿಗಾಗಿ 32 ಕಿಲೋಬೈಟ್ ಸ್ಥಳವಿದೆ. ಪ್ರೋ ಮೈಕ್ರೋದಲ್ಲಿ ಅದರ 4 ಕಿಲೋಬೈಟ್ ಫರ್ಮ್‌ವೇರನ್ನು ಒಳಸೇರಿಸುವ ಕ್ರಮವಿಧಿಗೆ ಸಲ್ಲುತ್ತದೆ. ಪೀಕೋದಲ್ಲಿ 2 ಮೆಗಾಬೈಟ್ ಉಂಟು. ಕನ್ನಡಕ್ಕೆ ದೊಡ್ಡ ಕೋಶವೇ ಬೇಕೆ? ಬೇಡ. ಅಕ್ಷರದ ಕೆಲಸ ಕಂಪ್ಯೂಟರಿನದಷ್ಟೆ! ಸ್ಥಳವನ್ನು ನುಂಗುವುದು ಬಣ್ಣದ ದೀಪಗಳು, ಪುಟ್ಟ ಪರದೆ ಮುಂತಾದ ಅಲಂಕಾರಗಳು.

ಆದುದರಿಂದ ಕೊಳ್ಳುವ ಮುನ್ನ ಕಾಗದದ ಮೇಲೆ ಸಾಲುಗಳನ್ನು ಗೆರೆ ಎಳೆದು ಎಣಿಸಿರಿ. ಚಿಪ್‌ನ ವೇಗಕ್ಕಿಂತ ಈ ಎಣಿಕೆಯೇ ಸರಿಯಾದ ಆಯ್ಕೆಗೆ ದಾರಿ ತೋರುತ್ತದೆ.